ಒಡೆದ ಮಾಲು, ಬರೆದ ಷರಾ: ಸಾಗಣೆಯಲ್ಲಿ ಹಾನಿಯಾದ ಸರಕಿಗೆ ಪರಿಹಾರ ಕೇಳುವ ಬಗೆ

ಗುಜರಾತಿನ ಮೋರ್ಬಿಯಿಂದ ಹೊರಟ ಟೈಲ್ಸ್ ಲಾರಿ ವಿಜಯಪುರದ ಅಂಗಡಿಯ ಮುಂದೆ ಬಂದು ನಿಲ್ಲುವುದು ಹೆಚ್ಚಾಗಿ ದೀಪ ಹಚ್ಚುವ ಹೊತ್ತಿಗೆ. ಚಾಲಕನಿಗೆ ಎರಡು ದಿನದ ನಿದ್ದೆ ಬಾಕಿ, ಹಮಾಲರಿಗೆ ಮನೆ ಸೇರುವ ಆತುರ, ಅಂಗಡಿಯವರಿಗೆ ಒಳಗೆ ಕುಳಿತ ಗಿರಾಕಿಯ ಚಿಂತೆ. ಹಮಾಲನೊಬ್ಬ ಪೆಟ್ಟಿಗೆಯನ್ನು ಹೆಗಲಿನಿಂದ ಇಳಿಸಿ ನೆಲಕ್ಕೆ ಊರುವಾಗ ಒಳಗಿನಿಂದ ಬಳೆ ಒಡೆದಂಥ ಸಣ್ಣ ಸದ್ದು. “ಸಾಹುಕಾರರೇ, ಇದು ಹೋಗಿದೆ” ಎನ್ನುತ್ತಾನೆ. “ಆ ಕಡೆ ಇಡಪ್ಪಾ, ನಾಳೆ ನೋಡೋಣ” ಎನ್ನುತ್ತಾರೆ ಸಾಹುಕಾರರು. ಅಷ್ಟರಲ್ಲಿ ಚಾಲಕ ಬಿಲ್ಟಿಯ, ಅಂದರೆ ಮಾಲು ಬುಕ್ ಮಾಡಿದಾಗ ಸಾಗಣೆಯವರು ಬರೆದುಕೊಡುವ ರಸೀದಿಯ, ಪ್ರತಿಯನ್ನು ಮುಂದೆ ಚಾಚುತ್ತಾನೆ. ಇವರು ಅಂಗಡಿಯ ಮುದ್ರೆ ಒತ್ತಿ, ಸಹಿ ಹಾಕಿ, ಒಳಗೆ ಹೋಗುತ್ತಾರೆ. ಪರಿಹಾರದ ಹಣ ಕೈಬಿಟ್ಟು ಹೋಗುವುದು ಆ ಕ್ಷಣದಲ್ಲಿ. ಆಮೇಲಿನ ಆರು ತಿಂಗಳ ಪತ್ರ, ಫೋನು, ಜಗಳ ಎಲ್ಲವೂ ಅದರ ತಿಥಿ.

ನಾನು 11 ವರ್ಷ ಈ ಊರಿನ ಸಾಗಣೆ ಕಚೇರಿಯೊಂದರಲ್ಲಿ ಕುಳಿತು ಬಿಲ್ಟಿ ಬರೆದವನು. ಈಗ ವ್ಯಾಪಾರಿಗಳ ಲೆಕ್ಕಪತ್ರ ನೋಡುತ್ತೇನೆ, ಮಾಲು ಹಾಳಾದವರಿಗೆ ಅರ್ಜಿ ಬರೆದುಕೊಡುತ್ತೇನೆ. ಮೇಜಿನ ಆ ಕಡೆ ಇದ್ದಾಗ ನಮ್ಮ ಹಿರಿಯ ಗುಮಾಸ್ತರು ಕಲಿಸಿದ ಮೊದಲ ಪಾಠ ಇಷ್ಟು: ಹಾನಿಯ ಅರ್ಜಿ ಬಂದರೆ ಅದನ್ನು ಓದಬೇಡ, ಮೊದಲು ಸಹಿಯಾಗಿ ಮರಳಿ ಬಂದ ಬಿಲ್ಟಿಯ ಪ್ರತಿಯನ್ನು ಹುಡುಕಿ ತೆಗೆ. ಅದರ ಮೇಲೆ ಷರಾ, ಅಂದರೆ ಹಾನಿಯ ಟಿಪ್ಪಣಿ, ಇಲ್ಲದಿದ್ದರೆ “ಮಾಲು ಸುಸ್ಥಿತಿಯಲ್ಲಿ ತಲುಪಿದೆ” ಎಂದು ಒಂದು ಸಾಲು ಬರೆದು ಕಳುಹಿಸು. ಅಂಥ ಸಾಲುಗಳನ್ನು ನಾನೇ ಎಷ್ಟೋ ಬರೆದಿದ್ದೇನೆ. ಈ ಲೇಖನ ಒಂದು ರೀತಿಯಲ್ಲಿ ಆ ಋಣ ತೀರಿಸುವ ಕೆಲಸ.

ಇಳಿಸುವ ಹೊತ್ತಿನಲ್ಲಿ

ಹಗ್ಗ ಬಿಚ್ಚುವ ಮೊದಲೇ ಕೆಲಸ ಶುರುವಾಗಬೇಕು. ತಾಡಪತ್ರಿ ಹರಿದಿದೆಯೇ, ನಡುವೆ ತಗ್ಗು ಬಿದ್ದು ನೀರು ನಿಂತಿದೆಯೇ, ಮುಚ್ಚಿದ ಕಂಟೇನರ್ ಆಗಿದ್ದರೆ ಸೀಲಿನ ಸಂಖ್ಯೆ ಬಿಲ್ಟಿಯಲ್ಲಿ ಬರೆದದ್ದೇ ಹೌದೇ ಎಂದು ನೋಡಿ. ಮೊಬೈಲಿನಲ್ಲಿ ಮೊದಲ ಚಿತ್ರ ಲಾರಿಯ ನಂಬರು ಕಾಣುವಂತಿರಲಿ, ಎರಡನೆಯದು ಹಗ್ಗ ಬಿಚ್ಚದ ಹೊರೆಯದ್ದು, ಆಮೇಲೆ ಹಿಂಬಾಗಿಲು ತೆರೆದಾಗ ಮಾಲು ಕುಳಿತಿದ್ದ ಭಂಗಿಯದ್ದು. ಒಡೆದ ಪೆಟ್ಟಿಗೆಯ ಚಿತ್ರ ಎಲ್ಲರೂ ತೆಗೆಯುತ್ತಾರೆ. ಅದು ಲಾರಿಯ ಮೇಲೆಯೇ ಒಡೆದದ್ದು, ನಿಮ್ಮ ಗೋದಾಮಿನಲ್ಲಿ ಬಿದ್ದು ಒಡೆದದ್ದಲ್ಲ ಎಂದು ತೋರಿಸುವುದು ಈ ಮೊದಲ ಮೂರು ಚಿತ್ರಗಳು. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಮೇಲೂ ಮೂಲ ಚಿತ್ರವನ್ನು ಮೊಬೈಲಿನಿಂದ ಅಳಿಸಬೇಡಿ. ತಾರೀಖು, ಸಮಯದ ವಿವರ ಉಳಿಯುವುದು ಮೂಲದಲ್ಲಿ.

ಇಳಿಸುವಾಗ ಸಂಶಯದ ಪೆಟ್ಟಿಗೆಗಳನ್ನು ಬೇರೆಯಾಗಿ ಜೋಡಿಸಲು ಹಮಾಲರಿಗೆ ಮೊದಲೇ ಹೇಳಿ. ಹಳೆಯ ಹಮಾಲರ ಕಿವಿ, ಹಾನಿ ಅಳೆಯಲು ವಿಮೆ ಕಂಪನಿ ಕಳುಹಿಸುವ ಯಾವ ಸರ್ವೇಯರ್‌ಗೂ ಕಡಿಮೆಯಿಲ್ಲ. ಪೆಟ್ಟಿಗೆಯ ಮೂಲೆ ಹಿಡಿದು ಒಮ್ಮೆ ಅಲುಗಿಸಿ, ಎಷ್ಟು ಹಾಳೆ ಹೋಗಿವೆ ಎಂದು ಅಂದಾಜು ಹೇಳಿಬಿಡುತ್ತಾರೆ.

ಇನ್ನು ಷರಾ. “ಮಾಲು ಸರಿಯಿಲ್ಲ” ಎಂದು ಗೀಚಿದರೆ ಅದು ಷರಾ ಅಲ್ಲ, ಸಿಟ್ಟು. “ಪರಿಶೀಲನೆಗೆ ಒಳಪಟ್ಟು ಸ್ವೀಕರಿಸಿದೆ” ಎಂಬುದೂ ದುರ್ಬಲ, ಏಕೆಂದರೆ ಅದರಲ್ಲಿ ಹಾನಿಯ ಸುಳಿವೇ ಇಲ್ಲ. ಬರೆಯಬೇಕಾದದ್ದು ಹೀಗಿರಲಿ:

“ಒಟ್ಟು 1,200 ಪೆಟ್ಟಿಗೆ ಬಂದಿವೆ. ಇವುಗಳಲ್ಲಿ 64 ಪೆಟ್ಟಿಗೆಗಳ ಮಾಲು ಒಡೆದಿದೆ, 9 ಪೆಟ್ಟಿಗೆಗಳ ರಟ್ಟು ಒದ್ದೆಯಾಗಿದೆ. ತಾಡಪತ್ರಿ ಎಡಗಡೆ ಹರಿದಿದೆ. ಪರಿಹಾರ ಕೇಳುವ ಹಕ್ಕನ್ನು ಕಾಯ್ದಿರಿಸಿಕೊಂಡು ಸ್ವೀಕರಿಸಿದ್ದೇನೆ.”

ಕೆಳಗೆ ತಾರೀಖು, ಸಮಯ, ಲಾರಿ ನಂಬರು, ನಿಮ್ಮ ಸಹಿ, ಚಾಲಕನ ಸಹಿ. ಈ ಷರಾ ಅವರ ಪ್ರತಿ, ನಿಮ್ಮ ಪ್ರತಿ ಎರಡರ ಮೇಲೂ ಇರಬೇಕು. ಇರುವುದು ಒಂದೇ ಪ್ರತಿಯಾದರೆ ಸಹಿಯ ನಂತರ ಅದರ ಚಿತ್ರ ತೆಗೆದುಕೊಳ್ಳಿ. ಚಾಲಕನಿಗೆ ಕನ್ನಡ ಬಾರದಿದ್ದರೆ ಹಿಂದಿಯಲ್ಲಿ ಬರೆಯಿರಿ, ಅಂಕಿಗಳು ಮಾತ್ರ ಎದ್ದು ಕಾಣಲಿ. “ಷರಾ ಬರೆದರೆ ನನ್ನ ಬಾಡಿಗೆ ಹಿಡಿಯುತ್ತಾರೆ ಅಣ್ಣಾ” ಎಂದು ಆತ ಅಂಗಲಾಚುವುದು ಖಂಡಿತ, ಆತನ ಮಾತು ಬಹಳ ಸಲ ನಿಜವೂ ಹೌದು. ಚಹಾ ಕುಡಿಸಿ, ಆದರೆ ಷರಾ ಬಿಡಬೇಡಿ. ಸಹಿ ಹಾಕಲು ಒಪ್ಪದಿದ್ದರೆ “ಚಾಲಕ ಸಹಿ ನಿರಾಕರಿಸಿದ್ದಾನೆ” ಎಂದು ಬರೆದು ಇಬ್ಬರು ಹಮಾಲರ ಸಹಿ ಹಾಕಿಸಿ. ಅಲ್ಲಿಯೇ ನಿಂತು ಆ ಚಿತ್ರವನ್ನು ಬುಕಿಂಗ್ ಕಚೇರಿಗೂ ಮಾಲು ಕಳುಹಿಸಿದವರಿಗೂ ರವಾನಿಸಿ.

ಇಡೀ ಲೋಡನ್ನೇ ಬೇಡವೆಂದು ತಿರುಗಿಸಿ ಕಳುಹಿಸುವ ಗಂಡಸುತನ ಬೇಡ. ನಷ್ಟವನ್ನು ಕೈಲಾದಷ್ಟು ತಗ್ಗಿಸುವುದು ಪರಿಹಾರ ಕೇಳುವವರ ಹೊಣೆ ಎಂದು ಗುತ್ತಿಗೆ ಕಾಯ್ದೆಯೇ ಹೇಳುತ್ತದೆ. ಚೆನ್ನಾಗಿರುವುದನ್ನು ಇಳಿಸಿಕೊಳ್ಳಿ, ಕೆಟ್ಟದ್ದನ್ನು ಅದರ ಪೆಟ್ಟಿಗೆ, ಹುಲ್ಲು, ಥರ್ಮಾಕೋಲ್ ಸಮೇತ ಹಾಗೆಯೇ ಇಡಿ. ಒಡೆದ ಟೈಲ್ಸ್ ಜಾಗ ತಿನ್ನುತ್ತಿದೆ ಎಂದು ಮರುದಿನವೇ ತಿಪ್ಪೆಗೆ ಸುರಿಸಿ, ಸರ್ವೇಯರ್ ಬಂದಾಗ ಖಾಲಿ ನೆಲ ತೋರಿಸಿದವರನ್ನು ನೋಡಿದ್ದೇನೆ.

ಮಾಲು ಬಾಗಿಲಿಗೆ ಬಾರದೆ ಸಾಗಣೆಯವರ ಗೋದಾಮಿನಲ್ಲೇ ಬಿಡಿಸಿಕೊಳ್ಳುವಂತಿದ್ದರೆ ಇನ್ನೂ ಅನುಕೂಲ. ಪೆಟ್ಟಿಗೆ ಜಜ್ಜಿದೆ ಎನಿಸಿದರೆ ಓಪನ್ ಡೆಲಿವರಿ ಕೊಡಿ ಎಂದು ಕೇಳಿ. ಅವರ ಎದುರಿಗೇ ತೆರೆದು, ಎಣಿಸಿ, ತೂಗಿ, ಕಂಡದ್ದನ್ನು ಬರೆಸಿಕೊಳ್ಳುವ ಕ್ರಮ ಅದು. ಆ ಬರಹಕ್ಕೆ ಈ ವ್ಯವಹಾರದಲ್ಲಿ ಸಿಒಎಫ್ (ಸರ್ಟಿಫಿಕೇಟ್ ಆಫ್ ಫ್ಯಾಕ್ಟ್ಸ್) ಎಂಬ ಹೆಸರಿದೆ, ಕೆಲವರು ಡ್ಯಾಮೇಜ್ ಸರ್ಟಿಫಿಕೇಟ್ ಎನ್ನುತ್ತಾರೆ. ಸಾಗಣೆಯವರು ತಮ್ಮ ಲೆಟರ್‌ಹೆಡ್ಡಿನ ಮೇಲೆ ಇಂಥ ದಿನ ಇಷ್ಟು ಮಾಲು ಈ ಸ್ಥಿತಿಯಲ್ಲಿತ್ತು ಎಂದು ಒಪ್ಪಿ ಕೊಡುವ ಕಾಗದ ಇದು. ವಿಮೆಯವರು ಮೊದಲು ಕೇಳುವುದೂ ಇದನ್ನೇ.

ಹೊರಗಿನಿಂದ ಪೆಟ್ಟಿಗೆ ಹೊಸ ಮದುಮಗನಂತಿದ್ದು, ಮೂರು ದಿನದ ನಂತರ ತೆರೆದಾಗ ಒಳಗೆಲ್ಲ ಚೂರು ಕಂಡರೆ? ಷರಾ ಇಲ್ಲದ ಮಾತ್ರಕ್ಕೆ ಹಕ್ಕು ಸಾಯುವುದಿಲ್ಲ. ಕಂಡ ದಿನವೇ ಪತ್ರ ಹೋಗಬೇಕು, ಉಳಿದ ಪೆಟ್ಟಿಗೆಗಳನ್ನು ತೆರೆಯದೆ ಇಟ್ಟು ಅವರನ್ನೇ ಬಂದು ನೋಡಲು ಕರೆಯಬೇಕು. ಆದರೂ ಇದು ಏರುದಾರಿ. ನೂರು ಪೆಟ್ಟಿಗೆ ಬಂದಾಗ ನಾಲ್ಕಾರನ್ನಾದರೂ ಲಾರಿಯ ಬದಿಯಲ್ಲೇ ಬಿಚ್ಚಿ ನೋಡುವ ಅಭ್ಯಾಸ ಒಳ್ಳೆಯದು.

ಬಿಲ್ಟಿಯ ಖಾಲಿ ಮನೆ

ಈವರೆಗಿನ ಮಾತು ಮಾಲು ಪಡೆಯುವವರಿಗೆ. ಕಳುಹಿಸುವವರು ತಪ್ಪುವುದು ಬುಕಿಂಗ್ ಮೇಜಿನ ಮುಂದೆ.

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ಕೆಲವು ವರ್ಷಗಳ ಹಿಂದೆ ಪುಣೆಗೆ 2 ಗಂಟು ಕಳುಹಿಸಿದ್ದರು. ಅದೇ ಲಾರಿಯಲ್ಲಿ ಮೇಲಿನ ಸಾಲಿಗೆ ಯಾರದೋ ಎಣ್ಣೆಯ ಡಬ್ಬಿಗಳು. ಡಬ್ಬಿಯೊಂದು ದಾರಿಯಲ್ಲಿ ಸೋರಿ, ಗೋಣಿತಟ್ಟು ಕುಡಿದು ಉಳಿದ ಎಣ್ಣೆ ಒಳಗಿನ ಮಡಿಕೆಗಳಿಗೆ ಇಳಿದಿತ್ತು. ಅವರು ನನ್ನ ಮುಂದೆ ಒಂದು ಸೀರೆ ಬಿಚ್ಚಿ ಹರಡಿದರು. ಟೋಪ್ ತೆನಿ ವಿನ್ಯಾಸದ ಕೆಂಪು ಸೆರಗಿನ ಮೇಲೆ, ಮಡಿಕೆ ಮಡಿಕೆಗೂ ಒಂದೇ ಅಳತೆಯ ಕಪ್ಪು ದುಂಡು, ಮುದ್ರೆ ಒತ್ತಿದಂತೆ. ಮಾಲಿನ ಬೆಲೆ ₹1,60,000. ಸಾಗಣೆಯ ಬಾಡಿಗೆ ₹600. ಬಿಲ್ಟಿಯಲ್ಲಿ ಬೆಲೆ ಬರೆಯುವ ಮನೆ ಖಾಲಿ.

ಆ ಖಾಲಿ ಮನೆಯ ಬೆಲೆ ಎಷ್ಟು ಎಂದು ಕಾನೂನು ನೋಡೋಣ. ರಸ್ತೆ ಸಾಗಣೆಗೆ ಈಗ ಅನ್ವಯವಾಗುವುದು 2007ರ ರಸ್ತೆ ಮೂಲಕ ಸಾಗಣೆ ಕಾಯ್ದೆ. 1865ರ ಹಳೆಯ ವಾಹಕರ ಕಾಯ್ದೆಯನ್ನು ತೆಗೆದುಹಾಕಿ 2011ರ ಮಾರ್ಚ್ 1ರಿಂದ ಇದು ಜಾರಿಗೆ ಬಂದಿದೆ. ಇದರ 10ನೇ ಕಲಂ ಮತ್ತು 2011ರ ನಿಯಮಗಳ ಪ್ರಕಾರ, ಹೆಚ್ಚಿನ ಹೊಣೆಯ ದರ ಕೊಡುವುದಾಗಿ ಬುಕಿಂಗ್ ವೇಳೆ ಬರೆದುಕೊಡದಿದ್ದರೆ ಸಾಗಣೆಯವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಅದೂ ಘೋಷಿಸಿದ ಬೆಲೆಯನ್ನು ಮೀರುವಂತಿಲ್ಲ. ಅಂದರೆ ₹1,60,000 ಬೆಲೆಯ ಸೀರೆಗೆ ಮೇಲ್ಮಿತಿ ₹6,000. ಎರಡು ಒಳ್ಳೆಯ ಸೀರೆಗೂ ಸಾಲದು.

ಈ ಹತ್ತು ಪಟ್ಟಿನ ಲೆಕ್ಕ ಎಲ್ಲರಿಗೂ ಒಂದೇ ತರಹ ಬಡಿಯುವುದಿಲ್ಲ. ಬೆಳಗಾವಿಯ ಉದ್ಯಮಬಾಗದಿಂದ ಹೊರಡುವ ಎರಕದ ಬಿಡಿಭಾಗ, ಇಳಕಲ್ಲಿನದೇ ಗ್ರಾನೈಟ್ ಹಾಳೆ, ಮೋರ್ಬಿಯ ಟೈಲ್ಸ್ ಇವೆಲ್ಲ ಭಾರದ ಮಾಲು. ಬಾಡಿಗೆ ದೊಡ್ಡದು, ಹತ್ತು ಪಟ್ಟು ಎಂದರೆ ಸಾಮಾನ್ಯ ಹಾನಿಗೆ ಸಾಕಾಗುತ್ತದೆ. ಸೀರೆ, ಗುಳೇದಗುಡ್ಡದ ಖಣ, ಯಂತ್ರದ ಸಣ್ಣ ಎಲೆಕ್ಟ್ರಾನಿಕ್ ಭಾಗ ಹಗುರ, ಆದರೆ ದುಬಾರಿ. ಇವನ್ನು ಕಳುಹಿಸುವವರು ಎರಡರಲ್ಲಿ ಒಂದನ್ನು ಮಾಡಲೇಬೇಕು: ಬೆಲೆ ಘೋಷಿಸಿ ಹೆಚ್ಚಿನ ಹೊಣೆಯ ದರ ಕೊಡುವುದು, ಇಲ್ಲವೇ ವಿಮೆ ಮಾಡಿಸುವುದು. ಬೆಲೆ ಬರೆದರೆ ಬಾಡಿಗೆ ಏರಿಸುತ್ತಾರೆ ಎಂದು ಖಾಲಿ ಬಿಡುವವರಿಗೆ ನಾನು ಆ ಸೆರಗಿನ ಚಿತ್ರ ತೋರಿಸುತ್ತೇನೆ.

ಮೇಲ್ಮಿತಿಗೂ ಒಂದು ತೂತು ಇದೆ. ಸಾಗಣೆಯವರ ಅಥವಾ ಅವರ ನೌಕರರ ಅಪರಾಧ ಕೃತ್ಯದಿಂದ, ಅಂದರೆ ಕಳವು, ಮೋಸದಿಂದ ಮಾಲು ಹೋದರೆ ಅವರು ಪ್ರತ್ಯೇಕವಾಗಿ ಹೊಣೆಗಾರರು. ಅಂಥ ಸಂಶಯವಿದ್ದರೆ ಪೊಲೀಸ್ ದೂರು ಕೊಡದೆ ಮುಂದೆ ಹೋಗಬೇಡಿ.

ಬಿಲ್ಟಿಯ ಮೇಲೆ “ಓನರ್ಸ್ ರಿಸ್ಕ್” (ಹಾನಿಯಾದರೆ ಮಾಲಿನವರದೇ ಹೊಣೆ) ಎಂಬ ಮುದ್ರೆ ಕಂಡು ಹೆದರುವವರು ಬಹಳ. ನಾನೇ ಸಾವಿರಾರು ಬಿಲ್ಟಿಗಳ ಮೇಲೆ ಅದನ್ನು ಒತ್ತಿದ್ದೇನೆ. ಆ ಮುದ್ರೆ ನಿರ್ಲಕ್ಷ್ಯದ ಹೊಣೆಯಿಂದ ಸಾಗಣೆಯವರನ್ನು ಪಾರು ಮಾಡುವುದಿಲ್ಲ. ಇನ್ನೂ ಒಳ್ಳೆಯ ಸುದ್ದಿ 12ನೇ ಕಲಂನಲ್ಲಿದೆ: ಅವರ ನಿರ್ಲಕ್ಷ್ಯವನ್ನು ನೀವು ರುಜುವಾತು ಮಾಡಬೇಕಾಗಿಲ್ಲ. ಮಾಲು ಚೆನ್ನಾಗಿ ಕೊಟ್ಟೆ, ಕೆಟ್ಟು ತಲುಪಿತು ಎಂದು ತೋರಿಸಿದರೆ ಉಳಿದದ್ದನ್ನು ವಿವರಿಸುವ ಭಾರ ಅವರದು. ದೈವಿಕ ವಿಕೋಪ, ಯುದ್ಧ, ಗಲಭೆ, ಸರ್ಕಾರದ ನಿರ್ಬಂಧ, ಕಾನೂನಿನಡಿಯ ಜಪ್ತಿ ಇಂಥವು ಅವರಿಗಿರುವ ರಿಯಾಯಿತಿಗಳು. ಅಲ್ಲಿಯೂ ಎಚ್ಚರ ವಹಿಸಿದ್ದರೆ ತಪ್ಪಿಸಬಹುದಿತ್ತು ಎಂದಾದರೆ ರಿಯಾಯಿತಿ ಇಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಪಂಚಗಂಗೆ ಉಕ್ಕಿ ಪುಣೆ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿದ್ದು ದೈವಿಕ ವಿಕೋಪ. ಜುಲೈ ತಿಂಗಳಲ್ಲಿ ಚೋರ್ಲಾ ಘಾಟಿನಲ್ಲಿ ಮಳೆ ಬಂದದ್ದು ಪಂಚಾಂಗ. ಅದಕ್ಕೆ ತಾಡಪತ್ರಿ ಇರಬೇಕಿತ್ತು.

ಸಾಗಣೆಯವರ ನಿಜವಾದ ಆಯುಧ ಬೇರೆ. “ನಿಮ್ಮ ಪ್ಯಾಕಿಂಗ್ ಸರಿಯಿರಲಿಲ್ಲ” ಎಂಬ ಒಂದು ಮಾತು. ಇದಕ್ಕೆ ಉತ್ತರ ಬುಕಿಂಗ್ ದಿನವೇ ಸಿದ್ಧವಿರಬೇಕು: ಕಟ್ಟಿದ ಮಾಲಿನ ಚಿತ್ರ, ಲಾರಿಗೆ ಏರಿಸುವಾಗಿನ ಚಿತ್ರ. ಬಿಲ್ಟಿಯಲ್ಲಿ ಪ್ಯಾಕಿಂಗ್ ಬಗ್ಗೆ ಅವರು ಯಾವ ಷರಾವನ್ನೂ ಬರೆಯದೆ ಮಾಲು ತೆಗೆದುಕೊಂಡಿದ್ದರೆ ಅದು ನಿಮ್ಮ ಪರವಾದ ಸಾಕ್ಷಿ. ಷರಾ ಎಂಬ ಕತ್ತಿಗೆ ಎರಡು ಅಲಗು.

ಬ್ರೋಕರ್ ಮೂಲಕ ಪೂರ್ತಿ ಲಾರಿ ಹಿಡಿದಾಗ “ನಾನು ಬರೀ ಲಾರಿ ಕೊಡಿಸಿದವನು, ಮಾಲಕನನ್ನು ಕೇಳಿ” ಎಂದು ಬ್ರೋಕರ್ ಜಾರಿಕೊಳ್ಳುವುದುಂಟು. ಕಾಯ್ದೆಯ ವ್ಯಾಖ್ಯೆಯಲ್ಲಿ ಬುಕಿಂಗ್ ಕಂಪನಿ, ಗುತ್ತಿಗೆದಾರ, ಏಜೆಂಟ್, ಬ್ರೋಕರ್ ಎಲ್ಲರೂ ಸೇರಿದ್ದಾರೆ. ಬಿಲ್ಟಿ ಯಾರ ಹೆಸರಿನಲ್ಲಿದೆಯೋ ಅವರನ್ನೇ ಹಿಡಿಯಿರಿ. ಬಿಲ್ಟಿಯೇ ಇಲ್ಲದೆ ಚೀಟಿಯ ಮೇಲೆ ಮಾಲು ಕಳುಹಿಸಿದ್ದರೆ, ಮೊದಲು ನಿಮ್ಮನ್ನೇ ನೀವು ಕೇಳಿಕೊಳ್ಳಿ.

ನೋಟಿಸು: 180 ದಿನ, ಎಲ್ಲಿಂದ ಎಣಿಕೆ?

ಹೆಚ್ಚು ಜನ ಬೀಳುವ ಗುಂಡಿ ಇದು. ಕಾಯ್ದೆಯ 16ನೇ ಕಲಂ ಪ್ರಕಾರ, ದಾವೆ ಹೂಡುವ ಮೊದಲು ಸಾಗಣೆಯವರಿಗೆ ಲಿಖಿತ ನೋಟಿಸು ತಲುಪಿರಬೇಕು, ಅದೂ 180 ದಿನಗಳೊಳಗೆ. ಈ ದಿನಗಳನ್ನು ಎಣಿಸುವುದು ಮಾಲು ತಲುಪಿದ ದಿನದಿಂದ ಅಲ್ಲ, ಹಾನಿ ಕಂಡ ದಿನದಿಂದಲೂ ಅಲ್ಲ, ಬುಕಿಂಗ್ ಆದ ದಿನದಿಂದ. ಜುಲೈ 10ಕ್ಕೆ ಬುಕ್ ಆದ ಮಾಲಿಗೆ ಕೊನೆಯ ದಿನ ಜನವರಿ 6. “ಹೆಡ್ ಆಫೀಸಿಗೆ ಕಳುಹಿಸಿದ್ದೇವೆ, ದೀಪಾವಳಿ ಮುಗಿಯಲಿ, ಸಂಕ್ರಾಂತಿ ಮುಗಿಯಲಿ” ಎಂದು ಸಾಗಣೆ ಕಚೇರಿಯವರು ಮಧುರವಾಗಿ ಮಾತನಾಡುತ್ತಿದ್ದರೆ ಅವರು ಕ್ಯಾಲೆಂಡರ್ ನೋಡುತ್ತಿದ್ದಾರೆ ಎಂದೇ ತಿಳಿಯಿರಿ. ಫೋನಿನ ಮಾತು ನೋಟಿಸಲ್ಲ. ವಾಟ್ಸ್‌ಆ್ಯಪ್ ಸಂದೇಶವನ್ನು ನೋಟಿಸೆಂದು ನೆಚ್ಚಿಕೊಂಡು ಕೂರಬೇಡಿ.

ನೋಟಿಸಿಗೆ ವಕೀಲರೇ ಬೇಕೆಂದಿಲ್ಲ. ಲೆಟರ್‌ಹೆಡ್ಡಿನ ಮೇಲೆ ಹೀಗೆ ಬರೆದರೆ ಸಾಕು:

“ತಾರೀಖು 10 ಜುಲೈಯಂದು ಬಿಲ್ಟಿ ಸಂಖ್ಯೆ ಇಂಥದರಲ್ಲಿ ನಿಮ್ಮ ಮೋರ್ಬಿ ಕಚೇರಿಯಲ್ಲಿ ಬುಕ್ ಆದ 1,200 ಪೆಟ್ಟಿಗೆ ಟೈಲ್ಸ್ 14 ಜುಲೈಯಂದು ಇಂಥ ನಂಬರಿನ ಲಾರಿಯಲ್ಲಿ ವಿಜಯಪುರಕ್ಕೆ ತಲುಪಿದೆ. 64 ಪೆಟ್ಟಿಗೆಗಳ ಮಾಲು ಒಡೆದಿರುವುದನ್ನು ಬಿಲ್ಟಿಯ ಮೇಲೆ ನಿಮ್ಮ ಚಾಲಕರ ಸಹಿಯೊಂದಿಗೆ ದಾಖಲಿಸಲಾಗಿದೆ. ನಮಗಾದ ನಷ್ಟ ₹32,558. ಲೆಕ್ಕದ ವಿವರ, ಇನ್‌ವಾಯ್ಸ್, ಬಿಲ್ಟಿ ಮತ್ತು ಚಿತ್ರಗಳ ಪ್ರತಿ ಲಗತ್ತಿಸಿದೆ. ಇದನ್ನು ರಸ್ತೆ ಮೂಲಕ ಸಾಗಣೆ ಕಾಯ್ದೆ, 2007ರ 16ನೇ ಕಲಂ ಅಡಿಯ ನೋಟಿಸು ಎಂದು ಪರಿಗಣಿಸಬೇಕು. ಹಾನಿಗೊಂಡ ಮಾಲು ನಮ್ಮ ಗೋದಾಮಿನಲ್ಲಿದೆ. 7 ದಿನಗಳೊಳಗೆ ಬಂದು ಪರಿಶೀಲಿಸಬಹುದು. 30 ದಿನಗಳೊಳಗೆ ಹಣ ಪಾವತಿಸಬೇಕು.”

ಇದರಲ್ಲಿನ 7 ದಿನ, 30 ದಿನ ನಾವು ಹಾಕಿಕೊಳ್ಳುವ ಗಡುವು, ಕಾಯ್ದೆಯದ್ದಲ್ಲ. ಪ್ರಧಾನ ಕಚೇರಿ ಬೇರೆ ರಾಜ್ಯದಲ್ಲಿದ್ದರೆ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಸಿ. ಒಂದು ಪ್ರತಿ ಬುಕಿಂಗ್ ಶಾಖೆಗೆ, ಒಂದು ಡೆಲಿವರಿ ಕೊಟ್ಟ ಶಾಖೆಗೆ, ಒಂದು ಪ್ರಧಾನ ಕಚೇರಿಗೆ. 2025ರಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ಆದ್ದರಿಂದ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ಪುರಾವೆ ಪಡೆದು ಕಡತಕ್ಕೆ ಸೇರಿಸಿ. ಸ್ಥಳೀಯ ಶಾಖೆಗೆ ಖುದ್ದಾಗಿ ಹೋಗಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳುವುದೂ ಒಳ್ಳೆಯದು.

ನೋಟಿಸು ಯಾರ ಹೆಸರಿನಲ್ಲಿ? ಕಾಯ್ದೆ ಮಾತನಾಡುವುದು ಮಾಲು ಕಳುಹಿಸಿದವರಿಗೆ ಸಾಗಣೆಯವರು ಹೊಣೆ ಎಂಬ ಭಾಷೆಯಲ್ಲಿ. ಆದರೆ ಕಾರ್ಖಾನೆ ಬಾಗಿಲಿನ ದರಕ್ಕೆ ಕೊಂಡಿದ್ದರೆ, ಮಾಲು ಲಾರಿ ಏರಿದಾಗಲೇ ಸಾಮಾನ್ಯವಾಗಿ ನಿಮ್ಮದಾಗಿರುತ್ತದೆ, ನಷ್ಟವೂ ನಿಮ್ಮದೇ. ಈ ತಕರಾರಿಗೆ ದಾರಿ ಬಿಡದಂತೆ ಕಳುಹಿಸಿದವರಿಂದಲೂ ಒಂದು ನೋಟಿಸು ಹೋಗಲಿ. ಅವರಿಗೆ ಅಂಚೆ ಖರ್ಚು ಮಾತ್ರ, ನಿಮಗೆ ಆನೆಬಲ.

ಲೆಕ್ಕ

ಮೇಲಿನ ₹32,558 ಎಲ್ಲಿಂದ ಬಂತು? ಒಂದು ಮಾದರಿಗೆಂದು ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ. ಪೆಟ್ಟಿಗೆಗೆ ₹420ರಂತೆ 64 ಪೆಟ್ಟಿಗೆಗೆ ₹26,880. ಇಡೀ ಲಾರಿಯ ಬಾಡಿಗೆ ₹72,000 ಆದರೆ ಪೆಟ್ಟಿಗೆಗೆ ₹60, ಹಾಳಾದ 64ಕ್ಕೆ ₹3,840. ಮಾಲಿನ ಮೇಲಿನ ಶೇ 18 ಜಿಎಸ್‌ಟಿ ₹4,838. ಒಟ್ಟು ₹35,558. ಒಡೆದ ಪೆಟ್ಟಿಗೆಗಳಲ್ಲೂ ಉಳಿದ ಪೂರ್ಣ ಹಾಳೆ, ತುಂಡು ಮಾರಿ ₹3,000 ಬರುವುದಾದರೆ ಅದನ್ನು ಕಳೆಯಿರಿ.

ಜಿಎಸ್‌ಟಿ ಏಕೆ ಸೇರಿತು ಎಂದು ಸಾಗಣೆಯವರು ಕೇಳುತ್ತಾರೆ, “ಅದನ್ನು ನೀವು ಇನ್‌ಪುಟ್ ಆಗಿ, ಅಂದರೆ ಮಾರಾಟದ ತೆರಿಗೆಯಲ್ಲಿ ಕಳೆದುಕೊಂಡು, ಪಡೆಯುತ್ತೀರಲ್ಲ” ಎನ್ನುತ್ತಾರೆ. ಪಡೆಯುವಂತಿಲ್ಲ. ಕಳೆದುಹೋದ, ನಾಶವಾದ, ಲೆಕ್ಕದಿಂದ ತೆಗೆದ ಮಾಲಿನ ಮೇಲಿನ ಇನ್‌ಪುಟ್ ತೆರಿಗೆ ಸಿಗುವುದಿಲ್ಲ ಎಂದು ಸಿಜಿಎಸ್‌ಟಿ ಕಾಯ್ದೆಯ 17(5)(ಎಚ್) ಹೇಳುತ್ತದೆ. ಪಡೆದಿದ್ದರೆ ಹಿಂದಿರುಗಿಸಬೇಕು. ಹಿಂದಿರುಗಿಸಿದ ಲೆಕ್ಕದ ಪ್ರತಿ ಲಗತ್ತಿಸಿದರೆ ಬಾಯಿ ಮುಚ್ಚುತ್ತದೆ. ಆದರೆ ಇನ್‌ಪುಟ್ ಇಟ್ಟುಕೊಂಡು ಪರಿಹಾರದಲ್ಲೂ ತೆರಿಗೆ ಕೇಳಿದರೆ ಅದು ಎರಡು ಕೈಯಿಂದ ಉಣ್ಣುವುದು, ಸಿಕ್ಕಿಬೀಳುತ್ತೀರಿ.

ಗಿರಾಕಿ ಕೈತಪ್ಪಿದ, ಮದುವೆ ಮನೆಯ ಆರ್ಡರ್ ಹೋದ ನಷ್ಟವನ್ನು ಸೇರಿಸಲು ಎಲ್ಲರಿಗೂ ಆಸೆ. ಬುಕಿಂಗ್ ವೇಳೆ ಸಾಗಣೆಯವರಿಗೆ ಅದು ತಿಳಿದಿರದಿದ್ದರೆ ಅಂಥ ದೂರದ ನಷ್ಟ ಸಿಗುವುದಿಲ್ಲ. ಇಂಡಿ ತಾಲ್ಲೂಕಿನ ನಿಂಬೆ ಕಳುಹಿಸುವವರು ಇಲ್ಲಿ ಎಚ್ಚರದಿಂದಿರಬೇಕು. ಇಂತಿಷ್ಟು ದಿನದಲ್ಲಿ ತಲುಪಬೇಕು ಎಂದು ಬುಕಿಂಗ್ ಕಾಗದದಲ್ಲೇ ಬರೆಸಿ. ಒಪ್ಪಿದ ಆ ಅವಧಿಯೊಳಗಿನ ವಿಳಂಬಕ್ಕೆ ಹೊಣೆ ಬಾಡಿಗೆಯಷ್ಟಕ್ಕೇ ಸೀಮಿತ. ಅವಧಿ ಮೀರಿದರೆ ಲೆಕ್ಕ ಬೇರೆ. ತಾರೀಖೇ ಇಲ್ಲದ ಕಾಗದ ಹಿಡಿದು “ತಡವಾಗಿ ಕೊಳೆಯಿತು” ಎಂದು ವಾದಿಸುವುದು ಕಷ್ಟ.

ವಿಮೆ ಇದ್ದರೆ

ತಿಕೋಟಾ, ಬಬಲೇಶ್ವರ ಕಡೆಯ ಒಣದ್ರಾಕ್ಷಿ ವ್ಯಾಪಾರಿಗಳಲ್ಲಿ ಸಾಗಣೆ ವಿಮೆ ಮಾಡಿಸಿದವರು ಸಾಕಷ್ಟಿದ್ದಾರೆ, ಪಾಲಿಸಿ ಓದಿದವರು ಕಡಿಮೆ. ದೇಶದೊಳಗಿನ ಸಾಗಣೆ ವಿಮೆಯಲ್ಲಿ ಎ ಮತ್ತು ಬಿ ಎಂಬ ಷರತ್ತಿನ ಪಟ್ಟಿಗಳಿವೆ. ಬಿ ಅಗ್ಗ. ಅದು ಬೆಂಕಿ, ಸಿಡಿಲು, ಡಿಕ್ಕಿ, ವಾಹನ ಉರುಳುವುದು, ಸೇತುವೆ ಕುಸಿಯುವುದು ಇಂಥ ಹೆಸರಿಸಿದ ಅಪಘಾತಗಳಿಗೆ ಮಾತ್ರ. ತಾಡಪತ್ರಿ ಸೋರಿ 15 ಕಿಲೋದ ರಟ್ಟಿನ ಪೆಟ್ಟಿಗೆಗಳು ನೆನೆದು ದ್ರಾಕ್ಷಿ ಮುದ್ದೆಯಾದರೆ ಬಿ ಪಟ್ಟಿಯಲ್ಲಿ ಏನೂ ಸಿಗದು. ಮಳೆ, ಕಳವು, ಒಡಕು ಸೇರಬೇಕಾದರೆ ಎ ಬೇಕು. ಎ ಎಂದರೂ ದುರ್ಬಲ ಪ್ಯಾಕಿಂಗ್, ವಿಳಂಬ, ಮಾಲಿನ ಸ್ವಂತ ಗುಣದಿಂದ ಕೆಡುವುದು ಹೊರಗೇ ಉಳಿಯುತ್ತವೆ. ಲಾರಿ ಊರು ಮುಟ್ಟಿದ 7 ದಿನಗಳ ನಂತರ ರಕ್ಷಣೆ ಮುಗಿಯುತ್ತದೆ ಎಂಬ ಷರತ್ತನ್ನೂ ನೋಡಿಕೊಳ್ಳಿ. ಸಾಗಣೆಯವರ ಗೋದಾಮಿನಲ್ಲಿ ಹದಿನೈದು ದಿನ ಮಾಲು ಬಿಟ್ಟು ಆಮೇಲೆ ಇಲಿ ಕಡಿಯಿತು ಎಂದರೆ ಯಾರೂ ಕೇಳುವುದಿಲ್ಲ.

ಹಾನಿ ಕಂಡ ತಕ್ಷಣ ವಿಮೆ ಕಂಪನಿಗೆ ತಿಳಿಸಿ, ಸರ್ವೇಯರ್ ಬರುವವರೆಗೆ ಮಾಲು ಮುಟ್ಟಬೇಡಿ. ಒದ್ದೆಯಾದದ್ದನ್ನು ಒಣಗಿಸುವುದು ತುರ್ತಾದರೆ ಅವರ ಒಪ್ಪಿಗೆಯನ್ನು ಇ-ಮೇಲ್‌ನಲ್ಲಿ ಪಡೆಯಿರಿ. ಇಷ್ಟಾದ ಮೇಲೆ ಬಹಳ ಜನ ಒಂದು ತಪ್ಪು ಮಾಡುತ್ತಾರೆ: ವಿಮೆ ಇದೆಯಲ್ಲ ಎಂದು ಸಾಗಣೆಯವರಿಗೆ ನೋಟಿಸು ಕೊಡುವುದೇ ಇಲ್ಲ. ನಿಮಗೆ ಹಣ ಕೊಟ್ಟ ವಿಮೆ ಕಂಪನಿ ನಿಮ್ಮ ಸ್ಥಾನದಲ್ಲಿ ನಿಂತು ಸಾಗಣೆಯವರಿಂದ ಅದನ್ನು ವಸೂಲು ಮಾಡುತ್ತದೆ. 180 ದಿನದ ನೋಟಿಸು ಹೋಗಿರದಿದ್ದರೆ ಆ ದಾರಿ ಮುಚ್ಚುತ್ತದೆ, ಅದರ ಕೋಪ ನಿಮ್ಮ ಕ್ಲೇಮಿನ ಮೇಲೆ ಇಳಿಯುತ್ತದೆ. ಮೊತ್ತ ಕಡಿತವಾಗಬಹುದು, ತಿರಸ್ಕಾರವೂ ಆಗಬಹುದು. ಇದೇ ಕಾರಣಕ್ಕೆ ವಿಮೆ ಕಂಪನಿಯನ್ನು ಕೇಳದೆ ಸಾಗಣೆಯವರ ಜೊತೆ ರಾಜಿ ಮಾಡಿಕೊಳ್ಳಬೇಡಿ.

ಹಣ ಬಾರದಿದ್ದರೆ

ನೋಟಿಸಿಗೆ ಉತ್ತರವಿಲ್ಲದಿದ್ದರೆ ಸಿವಿಲ್ ದಾವೆಗೆ 3 ವರ್ಷದ ಕಾಲಾವಕಾಶವಿದೆ. ಹಾನಿಯಾಗಿದ್ದರೆ ಹಾನಿಯಾದ ದಿನದಿಂದ, ಮಾಲು ಬಂದೇ ಇಲ್ಲದಿದ್ದರೆ ಬರಬೇಕಿದ್ದ ದಿನದಿಂದ ಎಣಿಕೆ. ಗ್ರಾಹಕ ಆಯೋಗದ ದಾರಿ ಸುಲಭ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಜಿಲ್ಲಾ ಆಯೋಗಗಳಿವೆ, ಕಾಲಮಿತಿ 2 ವರ್ಷ. ಕೊಟ್ಟ ಬಾಡಿಗೆ ₹5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. 2019ರ ಕಾಯ್ದೆಯ ನಂತರ ನೀವು ವಾಸವಿರುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದು. ಆದರೆ ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಗೆ ಆ ಬಾಗಿಲು ತೆರೆಯುವುದಿಲ್ಲ. ಮನೆ ಸಾಮಾನು ಸಾಗಿಸಿದವರು, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವ ಬನಹಟ್ಟಿಯ ಒಂದೆರಡು ಮಗ್ಗದ ನೇಕಾರರು ಹೋಗಬಹುದು. ದೊಡ್ಡ ಅಂಗಡಿಯವರು ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕಾದೀತು. ಬಿಲ್ಟಿಯ ತಳದಲ್ಲಿ ಮುಂಬೈ ನ್ಯಾಯಾಲಯವೇ ಎಂದು ಅಚ್ಚಾಗಿದ್ದರೆ ವಕೀಲರಿಗೆ ತೋರಿಸಿ. ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಊರಿನ ನ್ಯಾಯಾಲಯಕ್ಕೆ ಅಚ್ಚಿನ ಸಾಲು ಅಧಿಕಾರ ತಂದುಕೊಡುವುದಿಲ್ಲ.

ರೈಲಿನಲ್ಲಿ ಕಳುಹಿಸಿದ ಮಾಲಿಗೆ ಕಾನೂನೇ ಬೇರೆ. 1989ರ ರೈಲ್ವೆ ಕಾಯ್ದೆಯ 106ನೇ ಕಲಂ ಪ್ರಕಾರ ಮಾಲು ಒಪ್ಪಿಸಿದ 6 ತಿಂಗಳೊಳಗೆ ನೋಟಿಸು ಕೊಡಬೇಕು, ವ್ಯಾಜ್ಯ ಹೋಗುವುದು ರೈಲ್ವೆ ಕ್ಲೇಮ್ಸ್ ನ್ಯಾಯಮಂಡಳಿಗೆ. ಅಲ್ಲಿಯೂ ಬೆಲೆ ಘೋಷಿಸದಿದ್ದರೆ ಹೊಣೆಗೆ ಮಿತಿ ಇದೆ.

ಇಷ್ಟೆಲ್ಲ ಹೇಳಿದರೂ ₹30,000 ಸುತ್ತಿನ ಹಾನಿಗೆ ನ್ಯಾಯಾಲಯದ ಮೆಟ್ಟಿಲು ಹತ್ತುವವರು ವಿರಳ. ಇಂಥವು ಮುಗಿಯುವುದು ಮೇಜಿನ ಮೇಲೆಯೇ. ನಮ್ಮ ಕಡೆ ಸಾಮಾನ್ಯ ಪದ್ಧತಿ ಎಂದರೆ ಮುಂದಿನ ಬಾಡಿಗೆಯಲ್ಲಿ ಹಿಡಿದುಕೊಳ್ಳುವುದು. ಹಿಡಿಯುವುದಾದರೆ ಡೆಬಿಟ್ ನೋಟ್ (ಇಷ್ಟು ಹಣ ಹಿಡಿದಿದ್ದೇವೆ ಎಂಬ ಚೀಟಿ) ಬರೆದು, ಯಾವ ಬಿಲ್ಟಿಯ ಯಾವ ಹಾನಿಗೆ ಎಂದು ನಮೂದಿಸಿ, ಅವರ ಒಪ್ಪಿಗೆ ಪಡೆದು ಹಿಡಿಯಿರಿ. ಸುಮ್ಮನೆ ಬಾಡಿಗೆ ನಿಲ್ಲಿಸಿದರೆ ಮುಂದಿನ ಲೋಡನ್ನು ಅವರು ಗೋದಾಮಿನಲ್ಲಿ ನಿಲ್ಲಿಸುತ್ತಾರೆ, ಆಗ ನಷ್ಟ ಎರಡಾಗುತ್ತದೆ.

ರಾಜಿಯ ಚೆಕ್ಕು ಬಂದಾಗ ಅದರ ಜೊತೆಗೆ ಬರುವ ವೋಚರನ್ನು ಓದಿ. “ಪೂರ್ಣ ಮತ್ತು ಅಂತಿಮ ಇತ್ಯರ್ಥವಾಗಿ” ಎಂಬ ಮಾತು ಅದರಲ್ಲಿ ಇರುತ್ತದೆ. ಕೊಟ್ಟ ಮೊತ್ತಕ್ಕೆ ಒಪ್ಪಿಗೆ ಇದ್ದರೆ ಸಹಿ ಹಾಕಿ, ಮುಗಿಯಿತು. ಅದು ಅರ್ಧ ಕಂತು ಮಾತ್ರ ಎಂದಾದರೆ ಆ ಸಾಲನ್ನು ಹೊಡೆದು “ಬಾಕಿ ಇಷ್ಟು, ಹಕ್ಕು ಕಾಯ್ದಿರಿಸಿದೆ” ಎಂದು ಬರೆದು, ಹೊಡೆದ ಜಾಗದಲ್ಲಿ ಅವರ ಸಹಿಯನ್ನೂ ಪಡೆಯಿರಿ. ಅವರು ಒಪ್ಪದಿದ್ದರೆ ಚೆಕ್ಕನ್ನು ಅಲ್ಲೇ ಬಿಟ್ಟು ಎದ್ದು ಬನ್ನಿ. ಬಾಗಿಲು ದಾಟುವ ಮೊದಲು ಗುಮಾಸ್ತ ಕರೆಯುತ್ತಾನೆ. ನಾನು ಎಷ್ಟೋ ಸಲ ಕರೆದಿದ್ದೇನೆ.